ದಾಕ್ಷಾಯಣಮ್ಮ ಹೊಡೆದ ಕೆಂಪು ಗೀಟು

ಬಳ್ಳಾರಿಯ ಗಾಂಧಿನಗರದಲ್ಲಿ ಒಂದು ಟ್ರಸ್ಟ್ ಇತ್ತು. ಹಾಸಿಗೆ ಹಿಡಿದವರ ಮನೆಗೇ ನರ್ಸನ್ನು ಕಳಿಸುವುದು ಅದರ ಕೆಲಸ. ಸಿರುಗುಪ್ಪ, ಕುರುಗೋಡಿನವರೆಗೂ ಓಡಾಟ. ರಾರಾವಿಯ ದಾಕ್ಷಾಯಣಮ್ಮ ಅಲ್ಲಿ ಗುಮಾಸ್ತೆ. 1980ರಲ್ಲಿ ಅವಳಿಗೆ ಕಾಯಿಲೆಗಳಿಗೆ ನಂಬರು ಹಾಕುವ ತರಬೇತಿ ಸಿಕ್ಕಿತು. ಕಲಿಸಿದವರು ಆಸ್ಪತ್ರೆಯ ದಾಖಲೆ ಕೋಣೆಯಲ್ಲೇ ತಲೆ ನೆರೆಸಿಕೊಂಡ ಕೊಟ್ಟೂರಪ್ಪನವರು. ಒಂದೊಂದು ರೋಗಕ್ಕೂ ದಪ್ಪ ಪುಸ್ತಕದಲ್ಲಿ ಒಂದೊಂದು ನಂಬರಿದೆ, ಡಾಕ್ಟರು ಬರೆದದ್ದಕ್ಕಷ್ಟೇ ಅದನ್ನು ಹಾಕಬೇಕು, ಸ್ವಂತ ಬುದ್ಧಿ ಓಡಿಸಬಾರದು ಎಂದು ಮೂರು ತಿಂಗಳು ಅರೆದು ಕುಡಿಸಿದರು.

ಅಯ್ಯೋ, ಆಮೇಲೆ ಈಯಮ್ಮನನ್ನು ಹಿಡಿಯುವವರುಂಟೇ! ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಮನಸ್ಸಿನಲ್ಲೇ ನಂಬರು ಹಾಕುವಳು. ಗಂಡ ತಲೆನೋವೆಂದು ಮಲಗಿದರೆ, ಅದು ಬರೀ ಲಕ್ಷಣ, ರೋಗ ಯಾವುದು ಹೇಳಿ ಎಂದು ಎಬ್ಬಿಸಿ ಕೂರಿಸುವಳು. ಪಾಪ, ಆ ಮನುಷ್ಯ ತಲೆನೋವು ಬಂದರೂ ಬಾಯಿ ಬಿಡುವುದನ್ನೇ ನಿಲ್ಲಿಸಿದ.

ಈ ಉಮೇದಿನಲ್ಲೇ ಕುರುಗೋಡಿನ ಎರ್ರಮ್ಮ ಎಂಬ ಮುದುಕಿಯ ರೋಗಿ ಕಾರ್ಡು ಅವಳ ಕೈಗೆ ಬಂತು. ರೋಗ ಎಂಬ ಕಡೆ ಅಲ್ಲಿನ ಡಾಕ್ಟರು ‘ಮುಪ್ಪು’ ಎಂದು ಬರೆದಿದ್ದರು. ಮುಪ್ಪು ಯಾವತ್ತಿನಿಂದ ರೋಗವಾಯಿತು ಎಂದು ದಾಕ್ಷಾಯಣಮ್ಮ ಕೆಂಪು ಶಾಯಿಯಲ್ಲಿ ಗೀಟು ಹೊಡೆದಳು. ಸರಿಯಾದ ರೋಗದ ನಂಬರಿಲ್ಲದ ಮನೆಗೆ ನರ್ಸಿಲ್ಲ ಎಂಬುದು ಟ್ರಸ್ಟಿನ ಕಾನೂನು. ಮರುವಾರವೇ ಎರ್ರಮ್ಮನ ಮನೆಗೆ ನರ್ಸು ಹೋಗುವುದು ನಿಂತಿತು.

ಆ ಮನೆಗೆ ಹೋಗುತ್ತಿದ್ದ ನರ್ಸು ಜಡೆಮ್ಮ ಬಂದು ಮೇಜಿನ ಮುಂದೆ ನಿಂತು ಝಾಡಿಸಿದಳು. ಮುದುಕಿಗೆ ಮಗ್ಗುಲು ಬದಲಿಸಲೂ ಆಗದಂಥ ನೋವು, ಎಲ್ಲಿ ಎಂದರೆ ಹೇಳುವುದಿಲ್ಲ, ತಾನು ಹಾಕುವ ಸೂಜಿಯಿಂದಲೇ ಆಕೆಗೆ ಒಂದಿಷ್ಟು ನಿದ್ದೆ, ಈಗ ಅದೂ ಹೋಯಿತು ಎಂದಳು. ದಾಕ್ಷಾಯಣಮ್ಮ ಆ ಕಾರ್ಡು ಹಿಡಿದು ಮರುದಿನವೇ ಕುರುಗೋಡಿನ ಬಸ್ಸು ಹತ್ತಿದಳು.

ಎರ್ರಮ್ಮ ಮೊದಲು, ವಯಸ್ಸಾಯಿತು, ಅಷ್ಟೇ ಎಂದಳು. ಕಾರ್ಡಿನಲ್ಲಿ ರೋಗದ ಹೆಸರು ಬರೆಯದೆ ಬರೀ ನಂಬರು ಹಾಕುತ್ತೇನೆ, ಇಡೀ ಕುರುಗೋಡಿನಲ್ಲಿ ಒಬ್ಬರಿಗೂ ಅದರ ಅರ್ಥ ಗೊತ್ತಾಗುವುದಿಲ್ಲ ಎಂದು ದಾಕ್ಷಾಯಣಮ್ಮ ಬಿಡಿಸಿ ಹೇಳಿದಳು. ಮುದುಕಿ ಮೊಮ್ಮಗಳನ್ನು ಎಲೆ ಅಡಿಕೆ ತರಲು ಕಳಿಸಿದಳು. ಆಮೇಲೆ ಸೆರಗು ಸರಿಸಿ ಎದೆಯ ಮೇಲಿನ ಕ್ಯಾನ್ಸರ್ ಹುಣ್ಣು ತೋರಿಸಿದಳು. ಮೊಮ್ಮಗಳಿಗೆ ಗಂಡು ನೋಡುತ್ತಿದ್ದರು. ಈ ರೋಗದ ಹೆಸರು ಕಿವಿಗೆ ಬಿದ್ದರೆ ಬೀಗರು ಬಂದ ದಾರಿ ಹಿಡಿಯುತ್ತಾರೆ ಎಂದು ಡಾಕ್ಟರ ಕಾಲು ಹಿಡಿದು ‘ಮುಪ್ಪು’ ಎಂದು ಬರೆಸಿಕೊಂಡಿದ್ದಳು.

“ಇದಕ್ಕೂ ನಂಬರ್ ಐತೇನು?” ಎಂದು ಕೇಳಿದಳು.

“ಐತಿ ಅಜ್ಜಿ. ನೂರಾ ಎಪ್ಪತ್ನಾಕು.”

ದಾಕ್ಷಾಯಣಮ್ಮ ಆಗಲೇ ಡಾಕ್ಟರ ಬಳಿಗೆ ಓಡಿದಳು. ಅವರು ತಲೆ ತಗ್ಗಿಸಿ ನಿಜವಾದ ರೋಗವನ್ನು ಒಂದು ಚೀಟಿಯಲ್ಲಿ ಬರೆದು, ಅದನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಕೊಟ್ಟರು. ದಾಕ್ಷಾಯಣಮ್ಮ ಮುದುಕಿಯ ಮನೆಗೆ ಮತ್ತೆ ಬಂದು ಕಾರ್ಡಿನಲ್ಲಿ ನಂಬರು ಹಾಕಿ, ಸೋಮವಾರದಿಂದ ಜಡೆಮ್ಮ ಬರುತ್ತಾಳೆ ಎಂದಳು. ಎರ್ರಮ್ಮ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದಳು.

“ಪುಸ್ತಕದಾಗ ನಂಬರ್ ಐತಿ ಅಂದ್ರ, ಮತ್ತ ಯಾರಿಗಾದ್ರೂ ಬಂದಿರಬೇಕಲ್ಲ?”

“ಭಾಳ ಹೆಣ್ಮಕ್ಕಳಿಗೆ ಬಂದೈತಿ ಅಜ್ಜಿ.”

“ಎರಡು ವರ್ಷ ಆತು, ನನಗೊಬ್ಬಾಕಿಗೇ ಬಂದೈತಿ ಅಂತ ಬಾಯಿ ಮುಚ್ಚಿಕೊಂಡು ಕುಂತಿದ್ದೆ ನನ್ನವ್ವ” ಎಂದು ಎರ್ರಮ್ಮ ಅವಳ ಕೈ ಹಿಡಿದು ಅತ್ತಳು.