ಮತ್ತೆ ಹೊರಡಿಸುವ ಪ್ರೋಟೀನ್

ಅಕ್ಕನ ಮಗನಿಗೆ ಹುಟ್ಟಿದಾಗ ಹಾಕಿಸಿದ ಬಿಸಿಜಿ ಲಸಿಕೆಯ ಗಾಯ ಆರಲೇ ಇಲ್ಲ. ಕಂಕುಳಲ್ಲಿ ಗಂಟು ಎದ್ದು ಕೀವಾಯಿತು, ಆಮೇಲೆ ಕುತ್ತಿಗೆಯಲ್ಲೂ. ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಕೊನೆಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವನ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದರು. ನಾನು ಸಾಗರದ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳೆಂದು ಫಲಿತಾಂಶ ತಿಳಿಸಲು ಅಕ್ಕ ನನ್ನ ನಂಬರನ್ನೇ ಕೊಟ್ಟಿದ್ದಳು. ಅವತ್ತಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಪಾಠದ ನಡುವೆಯೂ ಫೋನ್ ಮುಟ್ಟಿ ನೋಡುತ್ತಿದ್ದೆ.

ಡಾಕ್ಟರ ಕರೆ ಬಂದಾಗ ಕೋಣಂದೂರಿನ ಅಕ್ಕನ ಮನೆಗೆ ಹೊರಟು, ಬಸ್ ಬದಲಿಸಲು ರಿಪ್ಪನ್‌ಪೇಟೆಯಲ್ಲಿ ಇಳಿದಿದ್ದೆ. ಡಾಕ್ಟರು ವಿವರಿಸಿದರು: ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವುದು ರೈಬೋಸೋಮ್. ಜೀನಿನಿಂದ ಬರುವ ಕೆಲವು ಸಂದೇಶಗಳಲ್ಲಿ ಅದು ಮೊದಲೊಂದು ಚಿಕ್ಕ ಭಾಗ ಓದಿ ನಿಲ್ಲುತ್ತದೆ. ಮುಂದಿರುವ ಮುಖ್ಯ ಭಾಗಕ್ಕೆ ಮತ್ತೆ ಶುರು ಮಾಡಬೇಕು. ಹಾಗೆ ಅದನ್ನು ಮತ್ತೆ ಹೊರಡಿಸುವ ಪ್ರೋಟೀನೊಂದು ಮಗುವಿನಲ್ಲಿ ಇಲ್ಲ, ಹಾಗಾಗಿ ರೋಗಾಣುವನ್ನು ಎದುರಿಸಲು ಬೇಕಾದದ್ದು ಸಾಕಷ್ಟು ತಯಾರಾಗುವುದಿಲ್ಲ, ಅದಕ್ಕೇ ಲಸಿಕೆಯೊಳಗಿನ ದುರ್ಬಲ ರೋಗಾಣುವನ್ನೂ ಅವನ ದೇಹ ತಡೆಯಲಾರದೆ ಹೋಯಿತು ಎಂದರು. ಇದು ತಾಯಿಯ ಕಡೆಯಿಂದ ಬರುವಂಥದ್ದು ಎಂದೂ ಹೇಳಿದರು. ಕೋಣಂದೂರಿನ ಬಸ್ ಬಂದು ಹೋಯಿತು. ನಾನು ಹತ್ತಲಿಲ್ಲ. ಮುಂದಿನ ಬಸ್ಸಿನವರೆಗೂ ಸ್ಟ್ಯಾಂಡಿನ ಉದ್ದಕ್ಕೂ ಸುಮ್ಮನೆ ಓಡಾಡಿದೆ.

ಅಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿ, "ನನ್ನಿಂದ ಬಂದಿದ್ದಾ?" ಎಂದಳು.

"ಹೌದಕ್ಕ. ನಮಗೆ ಆ ಜೀನು ಎರಡೆರಡು ಇರ್ತವೆ. ಒಂದು ಸರಿ ಇದ್ರೂ ಸಾಕು, ಅದಕ್ಕೇ ನಿಂಗೇನೂ ಆಗ್ಲಿಲ್ಲ. ಗಂಡುಮಕ್ಳಿಗೆ ಇರೋದೇ ಒಂದು."

"ಹಂಗಾದ್ರೆ ನಿಂಗೆ?"

"ನೋಡ್ಬೇಕು."

ಹೊಸನಗರದಲ್ಲಿದ್ದ ಅಮ್ಮನಿಗೆ ಫೋನ್ ಮಾಡಿದೆವು. ಅಮ್ಮ ಹಳೆಯದೊಂದನ್ನು ತೆಗೆದಳು.

"ನನ್ನ ತಮ್ಮ ಒಬ್ಬ ಚಿಕ್ಕವನಿದ್ದಾಗ್ಲೇ ಹೋದ. ಅವನಿಗೂ ಕುತ್ತಿಗೆ ತುಂಬ ಗಂಟು. ದೃಷ್ಟಿ ಅಂತ ತಾಯಿತ ಕಟ್ಟಿದ್ರು. ಯಾವ ದೇವ್ರಿಗೆ ನಾನೇನು ತಪ್ಪು ಮಾಡಿದ್ನೋ ಅಂತ ನಮ್ಮವ್ವ ಸಾಯೋವರೆಗೂ ಕೊರಗಿದ್ಲು."

ಅಕ್ಕ ಮಗುವಿನ ಬೆನ್ನು ತಟ್ಟುತ್ತಲೇ, "ಇವನಿಗೆ ಔಷಧಿ ಇದ್ಯಂತೆ ಅಮ್ಮ" ಎಂದಳು.

ಔಷಧಿ ತಿಂಗಳುಗಟ್ಟಲೆ ನಡೆಯಿತು. ಗಂಟುಗಳು ಕರಗಿದವು. ಈಗ ಅವನು ಗೋಡೆ ಹಿಡಿದುಕೊಂಡು ಮನೆಯೆಲ್ಲ ಸುತ್ತುತ್ತಾನೆ. ನಾನೂ ರಕ್ತ ಕೊಟ್ಟೆ, ನನ್ನಲ್ಲೂ ಆ ಕೆಟ್ಟ ಜೀನು ಒಂದಿದೆ. ನನಗಿರುವುದು ಮಗಳು, ಎರಡನೇ ಕ್ಲಾಸು. ದೊಡ್ಡವಳಾದ ಮೇಲೆ ಬೇಕಾದರೆ ಅವಳೇ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದಿದ್ದಾರೆ ಡಾಕ್ಟರು. ಹೆಣ್ಣುಮಕ್ಕಳಿಗೆ ಕಾಯಿಲೆ ಬರುವುದಿಲ್ಲವೆಂದು ನಾನೇ ಅಕ್ಕನಿಗೆ ಹೇಳಿದವಳು. ಆದರೂ ಬೆಳಿಗ್ಗೆ ಜಡೆ ಹಾಕುವಾಗ ಬೆರಳುಗಳು ಅವಳ ಕಿವಿಯ ಕೆಳಗೆಲ್ಲ ಸವರಿ ನೋಡುತ್ತವೆ.

"ಕಚಗುಳಿ ಆಗ್ತದಮ್ಮ, ಬೇಗ ಹಾಕು. ವ್ಯಾನ್ ಬಂತು" ಎನ್ನುತ್ತಾಳೆ.