ಆಣೆ ಮಾಡದವಳ ವಿಚಾರಣೆ

ಕೊರೊನಾ ಮುಗಿದು ಅಂಗನವಾಡಿಗಳು ಮತ್ತೆ ಬಾಗಿಲು ತೆರೆದ ವರ್ಷ. ಆಗ ನಾನು ಗಡಿಯಾಚೆ, ಮರಾಠಿಯಲ್ಲಿ ಆಡಳಿತ ನಡೆಯುವ ಜತ್ತ ತಾಲೂಕಿನಲ್ಲಿ ವಿಸ್ತಾರ ಅಧಿಕಾರಿ. ಹಳ್ಳಿಗಳಿಗೆ ಹೋಗಿ ಸರ್ಕಾರಿ ಯೋಜನೆ ಸರಿಯಾಗಿ ನಡೆದಿದೆಯೇ ಎಂದು ನೋಡುವ ಕೆಲಸ. ಕುರಿ ಕಾಯುವುದನ್ನು ಬಿಟ್ಟು ತಡವಾಗಿ ಸಾಲಿ ಸೇರಿದವನು ನಾನು. ಕಲಿತದ್ದು ಕನ್ನಡದಲ್ಲಿ, ನೌಕರಿ ಮಾಡಿದ್ದು ಮರಾಠಿಯಲ್ಲಿ. ಹೀಗಾಗಿ ಕನ್ನಡ ಮಾತಾಡುವ ತಿಕೋಂಡಿ ಕಡೆಯ ವಿಚಾರಣೆಗಳು ನನ್ನ ಪಾಲಿಗೇ ಬರುತ್ತಿದ್ದವು.

ಅಲ್ಲಿನ ಒಂದು ಸಣ್ಣ ಊರಿನಿಂದ ತಕರಾರು ಬಂತು. ಅಂಗನವಾಡಿಯ ಮದತನೀಸ, ಅಂದರೆ ಅಡುಗೆ ಮಾಡಿ ಮಕ್ಕಳನ್ನು ನೋಡಿಕೊಳ್ಳುವ ಸಹಾಯಕಿ, ಮಕ್ಕಳ ಹೆಸರುಕಾಳು ಮನೆಗೆ ಒಯ್ಯುತ್ತಾಳೆ, ಕೆಲಸದಿಂದ ತೆಗೆಯಿರಿ ಎಂದು. ಆಕೆಯನ್ನು ಮಹಾದೇವಿ ಎನ್ನುತ್ತೇನೆ. ನಿಜವಾದ ಹೆಸರು ಬೇರೆ. ಅಲ್ಲಿ ಶಿಕ್ಷಕಿಯ ಜಾಗ ಖಾಲಿ ಇತ್ತು, ಇಡೀ ಕೇಂದ್ರ ಈಕೆಯ ಮೇಲೆಯೇ ಇತ್ತು. ಇದನ್ನೆಲ್ಲ ಆಕೆಯನ್ನು ಕೇಳಿಯೇ ಬರೆದಿದ್ದೇನೆ.

ತೆಗೆಯುವ ಮೊದಲು ಆಕೆಯ ಮಾತು ಕೇಳಬೇಕು, ಸಾಕ್ಷಿ ನೋಡಬೇಕು, ನಿರ್ಣಯಕ್ಕೆ ಕಾರಣ ಬರೆಯಬೇಕು. ನಿಯಮ ಅದು. ಕಾಳಿನ ಚೀಲ ತೂಗಿಸಿದೆ, ಇರಬೇಕಾದಷ್ಟು ಇತ್ತು. ತಕರಾರಿಗೆ ಸಹಿ ಹಾಕಿದವರನ್ನು ಒಬ್ಬೊಬ್ಬರಾಗಿ ಕರೆದು ಕೇಳಿದೆ.

"ನೀವು ನೋಡೀರೇನವ್ವಾ?"

"ನಾ ಎಲ್ಲಿ ನೋಡ್ಲಿರಿ. ಮಂದಿ ಅಂದ್ರು."

ಎಲ್ಲರದೂ ಅದೇ ಉತ್ತರ. ಕೊನೆಗೆ ಊರ ಹಿರಿಯರಾದ ಶಿವಪ್ಪಣ್ಣ ವಿಷಯ ಬಿಡಿಸಿ ಹೇಳಿದರು. ಮಾತು ಎದ್ದಾಗ ನಾಲ್ಕು ಜನ ಮಹಾದೇವಿಯನ್ನು ಗುಡ್ಡಾಪುರಕ್ಕೆ ಕರೆದುಕೊಂಡು ಹೋಗಿದ್ದರು. ದಾನಮ್ಮನ ಗುಡಿಯ ಹೊಸ್ತಿಲು ಮುಟ್ಟಿ ಒಯ್ದಿಲ್ಲ ಎಂದು ಹೇಳಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಆಕೆ ಮುಟ್ಟಲಿಲ್ಲ. ಸುಮ್ಮನೆ ನಿಂತು ತಿರುಗಿ ಬಂದಳು.

"ಖರೇ ಇದ್ದಾಕಿಗಿ ಹೊಸ್ತಿಲಾ ಮುಟ್ಟಾಕ ಏನ್ ಧಾಡಿರಿ ಸಾಹೇಬ್ರ? ಮುಟ್ಟಿದ್ರ ಪಗಾರ ಕಡಿತಿದ್ರೇನು?" ಎಂದರು ಶಿವಪ್ಪಣ್ಣ. ಸುತ್ತ ಕುಳಿತವರು ನಕ್ಕರು.

ಮಹಾದೇವಿ ತನ್ನ ಹೇಳಿಕೆಯಲ್ಲಿ ಒಂದೇ ಮಾತು ಬರೆಸಿದಳು: ನಾನು ಒಯ್ದಿಲ್ಲ. ಹೆಬ್ಬೆಟ್ಟಲ್ಲ, ಸಹಿ ಮಾಡಿದಳು. ಉಳಿದವರು ಹೊರಗೆ ಹೋದ ಮೇಲೆ, "ಪೆನ್ ಕೆಳಗ ಇಡ್ರಿ, ಹೇಳ್ತೀನಿ" ಎಂದಳು.

"ತವರಮನ್ಯಾಗ ಹೊಲದ ಬಾಂದಿನ ಜಗಳ ಆಗಿತ್ರಿ. ಅಣ್ಣನ ಸಲುವಾಗಿ ದೇವ್ರ ಮುಟ್ಟಿ ಆಣಿ ಮಾಡಿದ್ದೆ. ಖರೇನ ಹೇಳಿದ್ದೆ. ಆ ಬ್ಯಾಸಗ್ಯಾಗ ಮಗ ಜ್ವರ ಬಂದು ಹೋದ. ಈಗ ಒಬ್ಬಾಕಿ ಮಗಳ ಅದಾಳ. ಖರೆ ಹೇಳಾಕೂ ನಾ ಇನ್ನ ದೇವ್ರ ಮುಟ್ಟಂಗಿಲ್ರಿ."

"ಇದನ್ನ ಬರಕೊಂಡ್ರ ನಿನಗ ಚಲೋ ಆಗ್ತೈತಿ, ತಂಗಿ."

"ಬರೀಬ್ಯಾಡ್ರಿ. ಅವಾಗ ಸುಳ್ಳ ಆಣಿ ಮಾಡಿ ಮಗನ್ನ ತಿಂದ್ಲು ಅಂತಾರ. ಈ ಊರಾಗ ಯಾರಿಗೂ ಗೊತ್ತಿಲ್ಲ."

ನಾನು ಬರೆಯಲಿಲ್ಲ. ನಿರ್ಣಯಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಕಂಡ ಸಾಕ್ಷಿ ಇಲ್ಲ, ಕಾಳು ಕಡಿಮೆಯಾಗಿಲ್ಲ, ಆಣೆ ಮಾಡದಿರುವುದು ಕಾನೂನಿನಲ್ಲಿ ಕಳವಿನ ಪುರಾವೆಯಲ್ಲ, ಆದ್ದರಿಂದ ಆಕೆಯನ್ನು ಕೆಲಸದಲ್ಲಿ ಮುಂದುವರಿಸಬೇಕು ಎಂದು ಬರೆದೆ. ಬೇರೆ ಊರಿಗೆ ಬದಲಿ ಮಾಡುವಂತಿರಲಿಲ್ಲ. ಮದತನೀಸ ಅದೇ ಊರಿನವಳಾಗಿರಬೇಕೆಂಬ ನಿಯಮವಿದೆ. ಮೇಲಧಿಕಾರಿ ಮೇಡಂ ಓದಿ, ಒಂದು ಅಕ್ಷರ ತಿದ್ದದೆ ಸಹಿ ಮಾಡಿದರು.

ಆದೇಶವನ್ನು ಊರಿನಲ್ಲಿ ನಾನೇ ಕನ್ನಡದಲ್ಲಿ ಓದಿ ಹೇಳಿದೆ. ಯಾರೂ ಜಗಳ ತೆಗೆಯಲಿಲ್ಲ. ಶಿವಪ್ಪಣ್ಣ ಟೊಪ್ಪಿಗೆ ಸರಿಮಾಡಿಕೊಂಡರು.

"ನಿಮ್ಮ ಕಾಗದ ಒಪ್ಪೀವಿ ಸಾಹೇಬ್ರ. ಆಕಿ ನೌಕರಿ ಆಕಿಗಿ ಕೊಡ್ರಿ. ಹುಡ್ರು ನಮ್ಮವು ಅದಾವ."

ಮರುದಿನದಿಂದ ಒಂದು ಮಗುವೂ ಬರಲಿಲ್ಲ. ತಾಯಂದಿರು ಹಳ್ಳ ದಾಟಿ ಆಚೆ ಊರಿನ ಅಂಗನವಾಡಿಗೆ ಮಕ್ಕಳನ್ನು ಕರೆದೊಯ್ಯತೊಡಗಿದರು. ನಾನು ಹೋದಾಗಲೆಲ್ಲ ಜಮಖಾನೆ ಹಾಸಿರುತ್ತಿತ್ತು, ತಾಟುಗಳು ತೊಳೆದು ಬೋರಲು ಹಾಕಿರುತ್ತಿದ್ದವು. ಮಹಾದೇವಿ ಬಾಗಿಲ ಕಡೆ ಮುಖಮಾಡಿ ಕುಳಿತಿರುತ್ತಿದ್ದಳು.

ಒಂದು ದಿನ ಶಿವಪ್ಪಣ್ಣ ನನ್ನ ಗಾಡಿಯ ಹತ್ತಿರ ಬಂದರು. ಈ ಸಲ ದನಿಯಲ್ಲಿ ಚೇಷ್ಟೆ ಇರಲಿಲ್ಲ. "ಯಾಕ ಮುಟ್ಟಲಿಲ್ಲ ಆಕಿ? ಅದೊಂದ ಹೇಳ್ರಿ. ನನಗ ಪಟಾಸ್ತು, ಮನಸಿಗಿ ಬಂತು ಅಂದ್ರ ನಾಳಿಗಿ ನನ್ನ ಮೊಮ್ಮಗಳ್ನ ನಾನ ಕರಕೊಂಡ ಬರ್ತೀನಿ."

ಅವರ ಮೊಮ್ಮಗಳು ಬಂದರೆ ಉಳಿದ ಮಕ್ಕಳೂ ಬರುತ್ತಿದ್ದವು. ನಾನು ತಿರುಗಿ ಒಳಗೆ ಹೋಗಿ, ಕಾರಣ ಹೇಳಲೇ ಎಂದು ಮಹಾದೇವಿಯನ್ನು ಕೇಳಿದೆ. ಆಕೆ ಬೇಡವೆಂದು ತಲೆ ಅಲ್ಲಾಡಿಸಿದಳು. ಹೊರಗೆ ಬಂದು, "ನನಗ ಹೇಳಾಕ ಬರಂಗಿಲ್ರಿ ಅಣ್ಣಾರ" ಎಂದೆ. ಅವರು ನನ್ನನ್ನೂ ಒಮ್ಮೆ ಅದೇ ಅನುಮಾನದಿಂದ ನೋಡಿ ಹೋದರು.

ಮಕ್ಕಳಿಲ್ಲದ ಕೇಂದ್ರವನ್ನು ಹತ್ತಿರದ ಕೇಂದ್ರಕ್ಕೆ ಸೇರಿಸಬೇಕು. ಅದೂ ನಿಯಮವೇ. ಅದಕ್ಕೂ ನೋಟಿಸ್ ಹಚ್ಚಿದೆ, ಪಾಲಕರನ್ನು ಕರೆದೆ. ಮಹಾದೇವಿಯೊಬ್ಬಳೇ ಬಂದಳು. ಆಚೆ ಊರಿನಲ್ಲಿ ಮದತನೀಸ ಇದ್ದಳು, ಈಕೆಗೆ ಜಾಗವಿರಲಿಲ್ಲ. ನಿವೃತ್ತಿಗೆ ಮುಂಚೆ ನಾನು ಕಳಿಸಿದ ಕೊನೆಯ ಪ್ರಸ್ತಾವಗಳಲ್ಲಿ ಅದೊಂದು.

ನಿರ್ಣಯ ಕಾಯ್ದೆಗೆ ಸರಿಯಾಗಿರಬೇಕು, ಕಾರಣ ಬರೆದಿರಬೇಕು, ಎಲ್ಲರ ಮಾತು ಕೇಳಬೇಕು ಎಂದು ನೌಕರಿ ನನಗೆ ಕಲಿಸಿತು. ಎರಡೂ ಸಲ ಹಾಗೆಯೇ ಮಾಡಿದೆ. ಮೊದಲ ಆದೇಶ ಆಕೆಯ ಕೆಲಸ ಉಳಿಸಿತು, ಎರಡನೆಯದು ಕಳೆಯಿತು. ಎರಡರಲ್ಲೂ ಒಂದು ತಪ್ಪು ಹುಡುಕಲು ಇಂದಿಗೂ ನನ್ನಿಂದ ಆಗಿಲ್ಲ. ಸಿಕ್ಕಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಎರಡನೆಯ ಆದೇಶ ಕೊಡಲು ಹೋದಾಗ ಮಹಾದೇವಿ ಕೇಳಿದಳು, "ಇದ್ರಾಗೂ ಕಾರಣ ಬರದೀರೇನ್ರಿ?"

"ಬರದೀನಿ ತಂಗಿ."

"ಏನಂತ?"

"ಹುಡ್ರು ಬರವಲ್ವು ಅಂತ."

"ಅದು ಖರೆ ಐತ್ರಿ" ಎಂದು ಸಹಿ ಮಾಡಿ, ಕೀಲಿ ನನ್ನ ಕೈಗೆ ಕೊಟ್ಟಳು.