ಎಂಟನೆಯ ಡಬ್ಬಿ

ಮೂರು ವರ್ಷಗಳ ಹಿಂದೆ, ಜುಲೈ ತಿಂಗಳ ಎರಡನೆಯ ಬುಧವಾರ, ಮುಳಬಾಗಿಲು ತಾಲ್ಲೂಕು ತಾಯಲೂರು ಹೋಬಳಿಯ ಒಂದು ಹಳ್ಳಿಯಲ್ಲಿ ಕ್ಷಯರೋಗದ ಪರೀಕ್ಷೆಗೆಂದು ಏಳು ಜನರ ಕಫ ಸಂಗ್ರಹಿಸಲಾಯಿತು. ಅದೇ ದಿನ ಮಧ್ಯಾಹ್ನ ಮೂರು ಗಂಟೆಗೆ ಲ್ಯಾಬಿಗೆ ತಲುಪಿದ ಡಬ್ಬಿಗಳು ಎಂಟು.

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಕೋಲಾರ ಜಿಲ್ಲೆಯಲ್ಲಿ ಹದಿನೆಂಟು ವರ್ಷ ವರದಿಗಾರನಾಗಿ ಕೆಲಸ ಮಾಡಿದವನು ನಾನು. ಶ್ರೀನಿವಾಸಪುರದ ಒಂದು ಮಾವಿನ ತೋಪಿನಲ್ಲಿ ಬೆಳಕು ತಾನಾಗಿ ಓಡಾಡುತ್ತದೆಂದು ಜನ ಹೆದರಿದ್ದಾಗ, ಅದು ಕಾವಲುಗಾರ ಹಣೆಗೆ ಕಟ್ಟಿಕೊಂಡಿದ್ದ ಟಾರ್ಚು ಎಂದು ಬರೆದೆ. ಲಕ್ಕೂರಿನ ಕಡೆ ಬೇವಿನ ಮರದಿಂದ ಹಾಲು ಸುರಿಯುತ್ತಿದೆ ಎಂದಾಗ ಕೃಷಿ ಇಲಾಖೆಯವರನ್ನು ಕೇಳಿ ಕಾರಣ ಬರೆದೆ. ಮರಕ್ಕೆ ಅರಿಶಿನ ಕುಂಕುಮ ಹಚ್ಚಿದ್ದವರು ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಉಪಸಂಪಾದಕರೊಬ್ಬರು ಹೇಳಿಕೊಟ್ಟದ್ದನ್ನು ಇವತ್ತಿಗೂ ಪಾಲಿಸುತ್ತೇನೆ. ಮೊದಲು ಗಂಟೆ ಬರೆಯಬೇಕು, ಆಮೇಲೆ ಹೆಸರು, ವಯಸ್ಸು, ಕೊನೆಗೆ ಕಿವಿಗೆ ಬಿದ್ದ ಮಾತು. ಅಂದುಕೊಂಡದ್ದನ್ನು ಬರೆಯಬಾರದು.

ಆ ಬುಧವಾರ ನಾನು ಹೋಗಿದ್ದು ಹಳ್ಳಿಯ ನರ್ಸ್ ಒಬ್ಬರ ಒಂದು ದಿನದ ಕೆಲಸವನ್ನು ನೋಡಿ ಬರೆಯಲು. ರೋಗಿಗಳ ವಿಷಯವಾದ್ದರಿಂದ ಇಲ್ಲಿ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ. ನರ್ಸ್ ಪುಷ್ಪಾವತಿಯವರಿಗೆ ಆಗ ನಲವತ್ತೈದು ದಾಟಿತ್ತು. ಐದು ಹಳ್ಳಿಗಳ ಗರ್ಭಿಣಿಯರು, ಮಕ್ಕಳು, ಸಕ್ಕರೆ ಕಾಯಿಲೆಯವರು, ಬಿಪಿಯವರು ಎಲ್ಲ ಅವರ ಲೆಕ್ಕದಲ್ಲಿದ್ದರು. ಜೊತೆಗೆ ಆ ಊರಿನವರೇ ಆದ ಆಶಾ ಕಾರ್ಯಕರ್ತೆ ಮುನಿರತ್ನಮ್ಮ. ಮನೆ ಮನೆಗೆ ಹೋಗಿ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಜ್ವರ, ತೂಕ ಇಳಿದಿರುವುದು ಇದೆಯೇ ಎಂದು ಕೇಳುವುದು ಅವತ್ತಿನ ಕೆಲಸ.

ದಾರಿಯಲ್ಲಿ ಪುಷ್ಪಾವತಿ ನನಗೆ ಪಾಠ ಮಾಡಿದರು. "ನೋಡಿ ಸಾರ್, ನಮ್ ಕೆಲಸದಲ್ಲಿ ಮೂರು ಮೆಟ್ಲು. ರೋಗ ಬರೋಕೆ ಮುಂಚೆನೇ ತಡೆಯೋದು ಮೊದಲ್ನೇದು, ಲಸಿಕೆ, ನೀರಿಗೆ ಕ್ಲೋರಿನ್ ಹಾಕೋದು, ಅದೆಲ್ಲ. ಬಂದಿದ್ರೆ ಅದು ಬಲಿಯೋಕೆ ಮುಂಚೆ ಹುಡುಕಿ ಹಿಡಿಯೋದು ಎರಡ್ನೇದು, ಇವತ್ತು ಮಾಡ್ತಿರೋದು ಅದೇನೆ. ಬಲಿತುಬಿಟ್ಟಿದ್ರೆ ಮನುಷ್ಯ ಮೂಲೆ ಸೇರದ ಹಾಗೆ ನೋಡ್ಕೊಳ್ಳೋದು ಮೂರ್ನೇದು. ಮೊದಲ್ನೇದು ಮಾಡಿದ್ರೆ ಯಾರಿಗೂ ಕಾಣ್ಸಲ್ಲ. ಮೂರ್ನೇದಕ್ಕೆ ಬಂದ್ರೆ ಎಲ್ಲರೂ ಬೈತಾರೆ."

ಅವರು ಕೆಲಸ ಮಾಡುವ ಕ್ರಮವನ್ನು ಇಲ್ಲಿ ಹೇಳಬೇಕು. ಬೆಳಿಗ್ಗೆ ಚೀಲದಲ್ಲಿ ಇಪ್ಪತ್ತು ಖಾಲಿ ಡಬ್ಬಿಗಳನ್ನು ನನ್ನೆದುರೇ ಎಣಿಸಿ ಇಟ್ಟುಕೊಂಡರು. ಕೆಮ್ಮಿರುವವರನ್ನು ಬಯಲಿಗೆ ಕರೆತಂದು, ಕಫ ತೆಗೆಸಿ, ಮುಚ್ಚಳ ಬಿಗಿದು, ಹೆಸರು, ವಯಸ್ಸು, ಮನೆ ನಂಬರನ್ನು ಡಬ್ಬಿಯ ಮೈಮೇಲೆ ಬರೆಯುತ್ತಿದ್ದರು. ಮುಚ್ಚಳದ ಮೇಲೆ ಬರೆಯುವುದಿಲ್ಲ, ಮುಚ್ಚಳಗಳು ಅದಲುಬದಲಾಗುತ್ತವೆ. ಪ್ರತಿ ಡಬ್ಬಿಗೂ ಒಂದು ಫಾರಂ. ಡಬ್ಬಿ ಐಸ್ ಪೆಟ್ಟಿಗೆಗೆ, ಫಾರಂ ಚೀಲಕ್ಕೆ. ಒಂದೊಂದು ಸಲವೂ ನಾನು ಗಂಟೆ ನೋಡಿ ಪುಸ್ತಕದಲ್ಲಿ ಬರೆದುಕೊಂಡೆ.

ಮೂರನೆಯ ಮನೆಯಲ್ಲಿ ಒಬ್ಬ ಮುದುಕ ಡಬ್ಬಿ ಮುಟ್ಟಲು ಒಪ್ಪಲಿಲ್ಲ. "ಇದು ಬೀಡಿ ಕೆಮ್ಮು ಕಣಮ್ಮಾ. ನಲವತ್ತು ವರ್ಷದ್ದು. ಕಾಯಿಲೆ ಕೆಮ್ಮಲ್ಲ."

"ಅದನ್ನ ನೀನ್ ಹೇಳ್ಬೇಡ ತಾತ, ಡಬ್ಬಿ ಹೇಳ್ಲಿ," ಎಂದರು ಮುನಿರತ್ನಮ್ಮ.

"ನಿಮ್ ಸರ್ಕಾರದ ಡಬ್ಬಿಗೂ ಬಾಯಿ ಬಂತಾ," ಎಂದು ಮುದುಕ ನಕ್ಕ. ನಕ್ಕಾಗ ಕೆಮ್ಮು ಬಂತು. ಬಂದ ಕೆಮ್ಮನ್ನು ಪುಷ್ಪಾವತಿ ಡಬ್ಬಿಗೆ ಹಿಡಿಸಿದರು.

ಊರಿನ ಕೊನೆಯ ಬೀದಿಯಲ್ಲಿ ಒಂದು ಮನೆಗೆ ಬೀಗ ಹಾಕಿತ್ತು. ಪಕ್ಕದಲ್ಲಿ ದನದ ಕೊಟ್ಟಿಗೆ. "ಸೊಸೆ ತೌರಿಗೆ ಹೋಗವ್ಳೆ, ಅತ್ತೆ ತೋಟಕ್ಕೆ ಹೋಗಿರ್ಬೇಕು," ಎಂದರು ಮುನಿರತ್ನಮ್ಮ. ಸೊಸೆಯ ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಪುಷ್ಪಾವತಿ ಬಾಗಿಲ ಮೇಲೆ ಸೀಮೆಸುಣ್ಣದಿಂದ ಅವತ್ತಿನ ತಾರೀಖು ಬರೆದರು. ಬೀಗ ಹಾಕಿದ ಮನೆಗೆ ಮತ್ತೆ ಬರಬೇಕು ಎಂಬುದಕ್ಕೆ ಅದು ಗುರುತು. ಆಮೇಲೆ ಊರ ಈಚೆ ತುದಿಯಲ್ಲಿರುವ ಹಾಲಿನ ಡೇರಿಯ ಜಗಲಿಯಲ್ಲಿ ಕೂತು ಮೂವರೂ ಅವರು ತಂದಿದ್ದ ಚಿತ್ರಾನ್ನ ತಿಂದೆವು. ಐಸ್ ಪೆಟ್ಟಿಗೆ ನಮ್ಮ ಮಧ್ಯೆಯೇ ಇತ್ತು. ಅವರಿಬ್ಬರೂ ಊಟ ಮಾಡುತ್ತಿದ್ದ ಒಂದು ಫೋಟೊ ತೆಗೆದೆ. ಊಟವಾದ ಮೇಲೆ ಇನ್ನೊಂದು ಬೀದಿ ಮುಗಿಸಿ ಹೊರಟೆವು.

ಲ್ಯಾಬಿನಲ್ಲಿ ಟೆಕ್ನಿಷಿಯನ್ ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟ. ಫಾರಂಗಳನ್ನು ಎಣಿಸಿದ. ಮತ್ತೆ ಡಬ್ಬಿಗಳನ್ನು ಎಣಿಸಿದ.

"ಎಂಟಿದೆ ಸಿಸ್ಟರ್. ಫಾರಂ ಏಳೇ."

ಎಂಟನೆಯ ಡಬ್ಬಿಯ ಮೈಮೇಲೆ 'ನಾಗವೇಣಿ, 24' ಎಂದಿತ್ತು. ಮನೆ ನಂಬರೂ ಇತ್ತು. ಅಕ್ಷರ ಪುಷ್ಪಾವತಿಯವರದೇ. ಅವರು ಚೀಲ ತೆಗೆದು ಖಾಲಿ ಡಬ್ಬಿಗಳನ್ನು ಎಣಿಸಿದರು. ಹದಿಮೂರು ಇರಬೇಕಿತ್ತು, ಹನ್ನೆರಡಿದ್ದವು. "ಇದು ಆ ಬೀಗ ಹಾಕಿದ್ದ ಮನೆ ನಂಬರು," ಎಂದರು. ಅವರ ದನಿ ಇಳಿದಿತ್ತು.

"ಟಾರ್ಗೆಟ್‌ಗೆ ಒಂದ್ ಸೇರ್ಸಿದ್ರಾ?" ಎಂದ ಟೆಕ್ನಿಷಿಯನ್. ನಗುತ್ತ ಕೇಳಿದರೂ ಆ ಮಾತಿಗೆ ಮೊನೆ ಇತ್ತು. ಒಬ್ಬರ ಕಫವನ್ನೇ ಎರಡು ಡಬ್ಬಿಗೆ ಹಾಕಿ ಇನ್ನೊಂದು ಹೆಸರು ಬರೆದು ಗುರಿ ಮುಟ್ಟಿಸುವುದು ಇದೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ.

ಸಾಕ್ಷಿಗೆ ನಾನಿದ್ದೆ. ಏಳೇ ಜನ ಎಂದು ತೋರಿಸಲು ಪುಸ್ತಕ ತೆಗೆದೆ. ಹನ್ನೆರಡು ಹದಿನೈದಕ್ಕೆ ಒಬ್ಬರು, ಒಂದು ಐದಕ್ಕೆ ಇನ್ನೊಬ್ಬರು. ಅವೆರಡರ ನಡುವೆ ನನ್ನ ಕೈಬರಹದಲ್ಲಿ, ಅದೇ ಪೆನ್ನಿನಲ್ಲಿ ಹೀಗಿತ್ತು: "12.40. ನಾಗವೇಣಿ, 24. ಕೆಮ್ಮು ಒಂದು ತಿಂಗಳು. ಕೊಟ್ಟಿಗೆ ಹಿಂದೆ ಹೋಗಿ ಸೆರಗು ಕಚ್ಚಿಕೊಂಡು ಕೆಮ್ಮುತ್ತಾಳೆ. ಅತ್ತೆಗೆ ಗೊತ್ತಿಲ್ಲ. ಮಗು ಏಳು ತಿಂಗಳು, ಎದೆಹಾಲು."

ಆಮೇಲೆ ತೂರಿಸಿ ಬರೆದ ಸಾಲುಗಳಲ್ಲ. ಅಲ್ಲಿ ತೂರಿಸುವಷ್ಟು ಜಾಗವೇ ಇರಲಿಲ್ಲ. ಅದನ್ನು ಬರೆದ ನೆನಪು ನನಗಿಲ್ಲ. ಅಂಥ ಹೆಂಗಸನ್ನು ನಾನು ನೋಡಿರಲಿಲ್ಲ. ಫೋನ್ ತೆಗೆದು ಡೇರಿಯ ಫೋಟೊ ನೋಡಿದೆ. ತೆಗೆದ ಸಮಯ 12.41.

ಪುಸ್ತಕವನ್ನು ಮುಚ್ಚಿಬಿಡಬಹುದಿತ್ತು. ಇಬ್ಬರಿಗೂ ತೋರಿಸಿದೆ.

"ಸರಿಹೋಯ್ತು, ಇಬ್ರೂ ಬಿಸಿಲಿಗೆ ಸಿಕ್ಕಿದ್ದೀರ," ಎಂದ ಟೆಕ್ನಿಷಿಯನ್. ಆದರೆ ಈ ಸಲ ನಗಲಿಲ್ಲ. "ಫಾರಂ ಇಲ್ದೆ ನಾನ್ ತಗೊಳ್ಳೋ ಹಾಗಿಲ್ಲ. ಬಿಸಾಕ್ತೀನಿ ಬಿಡಿ. ನೀವೂ ತಂದಿಲ್ಲ, ನಾನೂ ನೋಡಿಲ್ಲ."

ಪುಷ್ಪಾವತಿ ನನ್ನ ಪುಸ್ತಕದ ಆ ಸಾಲುಗಳನ್ನು ಎರಡು ಸಲ ಓದಿದರು. ಎದೆಹಾಲು ಎಂಬಲ್ಲಿ ಬೆರಳಿಟ್ಟರು. ಫಾರಂನ ಕೆಳಗಡೆ, ತಮ್ಮ ಸಮಕ್ಷಮದಲ್ಲಿ ಕಫ ಸಂಗ್ರಹಿಸಿದ್ದಾಗಿ ನರ್ಸ್ ಸಹಿ ಹಾಕಬೇಕು. ಅದು ಸುಳ್ಳೆಂದು ಯಾರಾದರೂ ಹೇಳಿದರೆ ಅವರ ಪರ ನಿಲ್ಲುವವರು ಯಾರೂ ಇರಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಆ ಸಂಬಳದಲ್ಲಿ ಓದುತ್ತಿದ್ದರು.

"ಕಫ ಯಾರದ್ದೋ ನಂಗೊತ್ತಿಲ್ಲ," ಎಂದರು. "ಆದ್ರೆ ಇದನ್ನ ಬಿಸಾಕಿ ಮನೆಗ್ ಹೋಗಿ ನಾನು ನಿದ್ದೆ ಮಾಡಕ್ಕಾಗಲ್ಲ. ಒಂದ್ ಫಾರಂ ಕೊಡಪ್ಪಾ." ಸಹಿ ಹಾಕಿದರು.

ಗುರುವಾರ ಹನ್ನೊಂದೂವರೆಗೆ ಅವರ ಫೋನ್ ಬಂತು. ಏಳು ಜನರದ್ದು ನೆಗೆಟಿವ್. ನಾಗವೇಣಿ ಹೆಸರಿನದು ಪಾಸಿಟಿವ್. ಆ ಏಳರಲ್ಲಿ ಯಾವುದನ್ನೂ ಎರಡು ಮಾಡಿ ಹಾಕಿದ್ದಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು.

ನಾಗವೇಣಿ ಎಂಬ ಸೊಸೆ ಆ ಮನೆಯಲ್ಲಿರುವುದು ನಿಜ ಎಂದು ಮುನಿರತ್ನಮ್ಮ ಹೇಳಿದರು. ಕೋಲಾರದ ಹತ್ತಿರ ಕ್ಯಾಲನೂರಿನ ಹುಡುಗಿ. ಮಗು ಕರೆದುಕೊಂಡು ಸೋಮವಾರ ತೌರಿಗೆ ಹೋದವಳು ಗುರುವಾರ ಸಂಜೆ ಬಂದಳಂತೆ. ಮಗುವಿಗೆ ಏಳು ತಿಂಗಳು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನಾವು ಮೂವರೂ ಆ ಮನೆಯ ಮುಂದಿದ್ದೆವು. ಬಾಗಿಲ ಮೇಲೆ ಸೀಮೆಸುಣ್ಣದ ತಾರೀಖು ಹಾಗೆಯೇ ಇತ್ತು. ಅತ್ತೆ ವೆಂಕಟಮ್ಮ ಹಾಲಿನ ಕ್ಯಾನು ತೊಳೆಯುತ್ತಿದ್ದವರು ಎದ್ದು ಬಾಗಿಲಿಗೆ ಅಡ್ಡ ನಿಂತರು.

"ಮಾ ಇಂಟ್ಲೋ ಎವರಿಕೀ ದಗ್ಗು ಲೇದು," ಎಂದು ತೆಲುಗಿನಲ್ಲೇ ಶುರು ಮಾಡಿದರು. ಮನೆಯಲ್ಲಿ ಯಾರಿಗೂ ಕೆಮ್ಮಿಲ್ಲ ಎಂದು. ಆಮೇಲೆ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು. "ನೀವ್ಯಾರು? ಪೇಪರ್ನೋರಾ? ನಮ್ ಮನೆ ಮರ್ಯಾದೆ ಪೇಪರ್‌ಗೆ ಹಾಕಕ್ಕೆ ಬಂದ್ರಾ? ಡೇರಿಲಿ ನಮ್ ಹಾಲು ತಗೊಂತಾರಾ ಆಮೇಲೆ?"

"ಹಾಲಿಗೂ ಇದಕ್ಕೂ ಏನಿಲ್ಲ ಅತ್ತೆ," ಎಂದರು ಮುನಿರತ್ನಮ್ಮ. "ಒಳಗ್ ಬಿಡಿ. ಬೀದೀಲಿ ನಿಂತ್ರೆ ನಾಕ್ ಜನ ನೋಡ್ತಾರೆ."

ಆ ಮಾತು ಕೆಲಸ ಮಾಡಿತು. ಒಳಗೆ ನಾಗವೇಣಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಅವಳನ್ನು ಮೊದಲ ಸಲ ನೋಡಿದ್ದು ಆಗ. ಇದನ್ನು ಎಲ್ಲಿ ಬೇಕಾದರೂ ಹೇಳಬಲ್ಲೆ. ಕೆಮ್ಮಿಲ್ಲ ಎಂದಳು. ಡಬ್ಬಿಗೆ ಕಫ ಕೊಟ್ಟಿಲ್ಲ, ಬುಧವಾರ ಊರಲ್ಲೇ ಇರಲಿಲ್ಲ ಎಂದಳು. ಮಗುವಿನ ತೂಕ, ಲಸಿಕೆ ಬರೆಯುವ 'ತಾಯಿ ಕಾರ್ಡ್' ತೆಗೆದು ತೋರಿಸಿದಳು. ಬುಧವಾರ ತೌರೂರಿನ ಅಂಗನವಾಡಿಯಲ್ಲಿ ಮಗುವನ್ನು ತೂಗಿ ಬರೆದಿದ್ದರು. ತಾರೀಖು ಸರಿಯಾಗಿತ್ತು. ಆಮೇಲೆ ನಾನು ಅಲ್ಲಿಗೂ ಹೋಗಿ ವಿಚಾರಿಸಿದೆ. ಹನ್ನೆರಡೂವರೆಯಿಂದ ಒಂದು ಗಂಟೆವರೆಗೆ ಅವಳು ಅಲ್ಲಿದ್ದಳು ಎಂದು ಕಾರ್ಯಕರ್ತೆ ಹೇಳಿದರು.

ಪುಷ್ಪಾವತಿ ಹೇಗೆ ಹೇಗೋ ಕೇಳಿದರು. ಅವಳು ತಲೆ ಎತ್ತಲಿಲ್ಲ. ಅತ್ತೆ ಬಾಗಿಲಲ್ಲೇ ಇದ್ದರು. ಅತ್ತೆಗೆ ಒಂದು ಲೋಟ ನೀರು ತರಲು ಹೇಳಿ ಒಳಗೆ ಕಳಿಸಿ, ಪುಷ್ಪಾವತಿ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಆ ಸಾಲುಗಳನ್ನು ತಗ್ಗಿದ ದನಿಯಲ್ಲಿ ಓದಿದರು.

ನಾಗವೇಣಿಯ ಮುಖದ ಬಣ್ಣ ಹೋಯಿತು. ಮುನಿರತ್ನಮ್ಮನವರ ಕಡೆ ನೋಡಿದಳು. ಅವರು ಇಲ್ಲವೆಂದು ತಲೆಯಾಡಿಸಿದರು.

"ಕೊಟ್ಟಿಗೆ ವಿಷ್ಯ ನಾನ್ ಯಾರ್ಗೂ ಹೇಳಿಲ್ಲಕ್ಕಾ," ಎಂದಳು. "ನಮ್ಮಮ್ಮಂಗೂ ಹೇಳಿಲ್ಲ. ಯಾರ್ ನೋಡಿದ್ದು?"

ಪುಷ್ಪಾವತಿ ಪುಸ್ತಕ ಮುಚ್ಚಿದರು. "ಯಾಕಮ್ಮಾ ಮುಚ್ಚಿಟ್ಟೆ?" ಎಂದಷ್ಟೇ ಕೇಳಿದರು.

"ಮಗೂನ ನನ್ನಿಂದ ಕಿತ್ಕೊಂತಾರೆ. ಹಾಲು ಬಿಡಿಸ್ತಾರೆ. ತೌರಿಗ್ ಕಳ್ಸಿ ಮತ್ತೆ ಕರ್ಸಲ್ಲ."

"ಹಾಲು ಬಿಡ್ಸೋ ಹಾಗಿಲ್ಲ. ಬಾಯಿಗ್ ಬಟ್ಟೆ ಕಟ್ಕೊಂಡು ನೀನೇ ಕೊಡು. ಪೂರ್ತಿ ಆರು ತಿಂಗಳು ಮಾತ್ರೆ ತಗೊ, ವಾಸಿ ಆಗುತ್ತೆ. ಆದ್ರೆ ಈಗ ಮುಚ್ಚಿಟ್ರೆ ಮೊದ್ಲು ತಗುಲೋದು ಯಾರಿಗೆ ಹೇಳು."

ಅವಳು ಮಗುವಿನ ಮುಖ ನೋಡಿದಳು. ಮಗು ಅವಳ ತಾಳಿಯನ್ನು ಬಾಯಿಗೆ ಹಾಕಿಕೊಂಡು ಜೊಲ್ಲು ಸುರಿಸುತ್ತಿತ್ತು. ಅದನ್ನು ಬಿಡಿಸಿ, ಮಗುವನ್ನು ಮುನಿರತ್ನಮ್ಮನವರ ಕೈಗೆ ಕೊಟ್ಟು, ಎದ್ದು ಕೊಟ್ಟಿಗೆಯ ಹಿಂದಕ್ಕೆ ಹೋದಳು. ಪುಷ್ಪಾವತಿ ಡಬ್ಬಿ ಹಿಡಿದು ಹಿಂದೆ ಹೋದರು. ಗೋಡೆಯಾಚೆಯಿಂದ ಬಹಳ ಹೊತ್ತು ಕೆಮ್ಮು ಕೇಳಿಸಿತು. ನೀರಿನ ಲೋಟ ಹಿಡಿದು ಬಂದ ವೆಂಕಟಮ್ಮ ಅಲ್ಲೇ ನಿಂತು ಅದನ್ನು ಕೇಳಿದರು. ಲೋಟ ಕೆಳಗಿಟ್ಟು ಮಗುವನ್ನು ಎತ್ತಿಕೊಂಡರು.

ಶನಿವಾರ ಫಲಿತಾಂಶ ಬಂತು. ಪಾಸಿಟಿವ್. ಸೋಮವಾರ ಮಾತ್ರೆ ಶುರುವಾಯಿತು. ಮನೆಯವರೆಲ್ಲರ ಪರೀಕ್ಷೆಯಾಯಿತು. ಅತ್ತೆಗೆ, ಗಂಡನಿಗೆ ರೋಗವಿರಲಿಲ್ಲ. ಮಗುವಿಗೂ ಇರಲಿಲ್ಲ. ರೋಗ ತಗುಲದಿರಲೆಂದು ಮಗುವಿಗೆ ಆರು ತಿಂಗಳು ಔಷಧಿ ಕೊಟ್ಟರು. ಒಂದೇ ಮನೆಯಲ್ಲಿ ಎರಡು ಮೆಟ್ಟಿಲಿನ ಕೆಲಸ, ಮೂರನೆಯದಕ್ಕೆ ಹೋಗದೆ ಮುಗಿಯಿತು ಎಂದು ಪುಷ್ಪಾವತಿ ಹೇಳಿದರು. ಇನ್ನೆರಡು ತಿಂಗಳು ತಡವಾಗಿದ್ದರೆ ಮಗುವಿನ ವಿಷಯ ಹೇಳಲು ಬರುತ್ತಿರಲಿಲ್ಲ ಎಂದು ವೈದ್ಯರು ಅವರಿಗೆ ಹೇಳಿದ್ದರಂತೆ.

ಬುಧವಾರದ ಡಬ್ಬಿಯಲ್ಲಿದ್ದುದು ಯಾರ ಕಫ ಎಂಬುದನ್ನು ಈಗ ತಿಳಿಯಲು ದಾರಿಯಿಲ್ಲ. ಪರೀಕ್ಷೆಯಾದ ಡಬ್ಬಿಗಳನ್ನು ನಿಯಮದಂತೆ ನಾಶ ಮಾಡುತ್ತಾರೆ. ಪರಿಚಯದ ವೈದ್ಯರೊಬ್ಬರಿಗೆ ಎಲ್ಲವನ್ನೂ ಹೇಳಿದೆ. ದಣಿದವರಿಗೆ ಮರೆವು ಬರುವುದುಂಟು ಎಂದರು. ಮೂವರಿಗೂ ಒಟ್ಟಿಗೆ ಬರುತ್ತದೆಯೇ, ಅಂಗನವಾಡಿಯ ಕಾರ್ಡಿಗೂ ಬರುತ್ತದೆಯೇ ಎಂದು ಕೇಳಿದೆ. ಅವರು ಬೇರೆ ಮಾತು ತೆಗೆದರು. ಪತ್ರಿಕೆಯಲ್ಲಿ ಬಂದ ನನ್ನ ಲೇಖನದಲ್ಲಿ ಏಳು ಜನರ ಕಫ ಸಂಗ್ರಹವಾಯಿತು ಎಂದಿದೆ. ಅದು ತಪ್ಪೋ ಸರಿಯೋ ನನಗೆ ಈಗಲೂ ತಿಳಿಯದು. ತಿದ್ದುಪಡಿ ಕೊಟ್ಟಿಲ್ಲ.

ನಾಗವೇಣಿ ಆರು ತಿಂಗಳ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸದೆ ಮುಗಿಸಿದಳು. ಬುಧವಾರ ತಾನು ಕಫ ಕೊಟ್ಟಿಲ್ಲ ಎಂದು ಈಗಲೂ ಹೇಳುತ್ತಾಳೆ. ಕಳೆದ ಮಾರ್ಚಿನಲ್ಲಿ ಮಗುವಿಗೆ ಮತ್ತೊಮ್ಮೆ ಎಕ್ಸ್‌ರೇ ತೆಗೆಸಿದರು. ಎರಡೂ ಶ್ವಾಸಕೋಶ ಚೆನ್ನಾಗಿವೆ.